ಕಹಳೆಯ ಬಂಡೆಯೂ ಬರ್ಮಿಂಗ್‌ಹ್ಯಾಮಿನ ಸೀಟಿಯೂ

ಕಳೆದ ರಾಜ್ಯೋತ್ಸವದಂದು ಹನುಮಂತನಗರದ ನಮ್ಮ ಬೀದಿಯ ಉತ್ಸಾಹಿಗಳು ಹಳೆಯ ವಸ್ತುಗಳ ಪುಟ್ಟ ಪ್ರದರ್ಶನವೊಂದನ್ನು ಏರ್ಪಡಿಸಿದ್ದರು. ಸೇರು, ಪಾವು, ಚಟಾಕು, ತೂಗುದೀಪ, ಅಜ್ಜಿಯೊಬ್ಬರ ಕಾಲದ ಕುಂಕುಮದ ಭರಣಿ. ಇವುಗಳ ನಡುವೆ ಗಾಜಿನ ಡಬ್ಬಿಯೊಳಗೆ ಒಂದು ಹಿತ್ತಾಳೆಯ ಸೀಟಿ. ಕೆಳಗಿನ ಚೀಟಿಯಲ್ಲಿ ‘ಕೆಂಪೇಗೌಡರ ಕಾಲದ ಕಾವಲುಗಾರನ ಸೀಟಿ, ಕಹಳೆ ಬಂಡೆಯ ಪರಿಸರದಲ್ಲಿ ದೊರೆತದ್ದು’ ಎಂದು ದುಂಡಗೆ ಬರೆದಿತ್ತು. ನೋಡಿ ನಕ್ಕು ಮುಂದೆ ಹೋದೆ. ನಕ್ಕದ್ದು ತಪ್ಪಾಯಿತು. ಬಸವನಗುಡಿ ಪರಿಸರದ ಸ್ಥಳನಾಮಗಳ ಮೇಲೆ ಸಂಪ್ರಬಂಧ ಬರೆಯುತ್ತಿರುವ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಎರಡು ತಿಂಗಳ ತರುವಾಯ ಆ ಚೀಟಿಯನ್ನೇ ಆಕರವಾಗಿ ಹಿಡಿದು ಒಂದು ಅಧ್ಯಾಯವನ್ನು ಕಟ್ಟಿ ನನ್ನ ಸಹಿಗಾಗಿ ತಂದ. ನಾನು ಸಹಿ ಹಾಕಲಿಲ್ಲ. ಪ್ರದರ್ಶನದ ಹಿರಿಯರೊಬ್ಬರು ಮನೆಗೇ ಬಂದು, ‘ಮೇಷ್ಟ್ರೇ, ನಮ್ಮ ಬಡಾವಣೆಗೊಂದು ಇತಿಹಾಸ ಬೇಡವೇ? ನಿಮಗೆ ಕನ್ನಡದ ಅಭಿಮಾನವಿಲ್ಲವೇ?’ ಎಂದು ಕೇಳಿದರು. ಈ ಬರಹ ಅವರಿಗೆ ನಾನು ಕೊಡುತ್ತಿರುವ ಉತ್ತರ.

ಮೊದಲು ವಸ್ತುವನ್ನು ನೋಡೋಣ. ಸುಮಾರು 8 ಸೆಂಟಿಮೀಟರ್ ಉದ್ದದ ಕೊಳವೆ. ಒಂದು ತುದಿಯಲ್ಲಿ ದಾರ ಕಟ್ಟಲು ಉಂಗುರ, ಇನ್ನೊಂದರಲ್ಲಿ ಚಪ್ಪಟೆಯಾದ ಊದುಬಾಯಿ, ಬದಿಗಳಲ್ಲಿ ಎರಡು ಕಂಡಿಗಳು. ಉಂಗುರದ ಸಂದಿನಲ್ಲಿ ಬೆಳ್ಳಗೆ ನಿಕ್ಕಲ್ ಲೇಪದ ಕುರುಹು ಉಳಿದಿದೆ. ಕೊಳವೆಯ ಮೈಮೇಲೆ ರೋಮನ್ ಲಿಪಿಯ ಅಕ್ಷರಗಳು: ‘ಹಡ್ಸನ್’ ಎಂಬುದು ಸ್ಪಷ್ಟ, ಕೆಳಗಿನ ಸಾಲಿನಲ್ಲಿ ‘ಬರ್ಮಿಂ’ ಎಂಬಷ್ಟು ಉಳಿದಿದೆ, ಮುಂದಿನದು ಸವೆದಿದೆ. ಸವೆದದ್ದು ಮಣ್ಣಿನಲ್ಲಲ್ಲ. ಸಿಕ್ಕ ದಿನವೇ ಹುಡುಗನ ತಾಯಿ ಹುಣಸೆಹಣ್ಣು ಹಾಕಿ, ರಂಗೋಲಿ ಪುಡಿಯಲ್ಲಿ ಉಜ್ಜಿ, ದೇವರ ಮನೆಯ ಪಾತ್ರೆಯಂತೆ ಬೆಳಗಿದ್ದರು. ಪಾಪ, ಅವರನ್ನೇನು ಅನ್ನಲಿ? ಶಾಸನದ ಕಲ್ಲಿಗೆ ಸುಣ್ಣ ಬಳಿದ, ಎಣ್ಣೆ ಸುರಿದ ಪರಂಪರೆ ನಮ್ಮದು.

ಜೋಸೆಫ್ ಹಡ್ಸನ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕುಶಲಕರ್ಮಿ. ಅವನ ಕಂಪನಿ ಆರಂಭವಾದದ್ದು 1870ರಲ್ಲಿ. ಲಂಡನ್ನಿನ ಪೊಲೀಸರು ಅಲ್ಲಿಯವರೆಗೆ ಗಸ್ತಿನಲ್ಲಿ ಬಳಸುತ್ತಿದ್ದುದು ಗಿರ್ರನೆ ತಿರುಗಿಸಿದರೆ ಕಟಕಟ ಸದ್ದು ಮಾಡುವ ಮರದ ಗಿಲಕಿಯನ್ನು. ಅದಕ್ಕೆ ಬದಲಾಗಿ, ಒಮ್ಮೆಲೇ ಎರಡು ಬೇಸುರದ ಸ್ವರ ಹೊರಡಿಸಿ ಬಹುದೂರ ಕೇಳುವ ಈ ಕೊಳವೆಯ ಸೀಟಿಯನ್ನು ಅವನು ರೂಪಿಸಿದ್ದು 1883ರ ಸುಮಾರಿಗೆ. ಕೈಜಾರಿ ಬಿದ್ದ ಪಿಟೀಲಿನ ತಂತಿ ಹರಿದಾಗ ಎದ್ದ ಅಪಸ್ವರವೇ ಅವನಿಗೆ ಸ್ಫೂರ್ತಿಯಾಯಿತೆಂಬ ದಂತಕಥೆಯೂ ಇದೆ. ದಂತಕಥೆಗಳು ನಮ್ಮಲ್ಲಿ ಮಾತ್ರ ಹುಟ್ಟುತ್ತವೆಂದು ಯಾರೂ ಹೆಮ್ಮೆಪಡಬೇಕಿಲ್ಲ. ಒಳಗೆ ಬೆಂಡಿನ ಗುಂಡು ಗಿರಕಿ ಹೊಡೆಯುವ ‘ಆ್ಯಕ್ಮೆ ಥಂಡರರ್’, ಅಂದರೆ ಆಟದ ಮೈದಾನದಲ್ಲಿ ರೆಫರಿ ಊದುವ ಬಸವನಹುಳುವಿನಾಕಾರದ ಸೀಟಿ, ಬಂದದ್ದು ಮರುವರ್ಷ.

ಈ ಸೀಟಿಯ ಮೇಲಿನ ಹೆಸರು ಹೇಳುವುದು 1870ಕ್ಕಿಂತ ಹಿಂದಿನದಲ್ಲ ಎಂದು. ಆಕಾರ ಹೇಳುವುದು ಸುಮಾರು 1883ಕ್ಕಿಂತ ಹಿಂದಿನದಲ್ಲ ಎಂದು. ಬೆಂಗಳೂರಿನ ಪೇಟೆಯನ್ನು ಕೆಂಪೇಗೌಡರು ಕಟ್ಟಿಸಿದ್ದು 1537ರಲ್ಲಿ. ನಡುವೆ 346 ವರ್ಷಗಳಿವೆ. ಶಾಸನಶಾಸ್ತ್ರದಲ್ಲಿ ಒಂದು ಅಕ್ಷರದ ತಲೆಕಟ್ಟಿಗಾಗಿ ಐವತ್ತು ವರ್ಷ ಹಿಂದೆಯೋ ಮುಂದೆಯೋ ಎಂದು ಕಾದಾಡುವ ನಾವು, ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲವೆಂದು ತರಗತಿಯಲ್ಲಿ ಎಚ್ಚರಿಸುವ ನಾವು, ತಯಾರಕನ ಹೆಸರನ್ನೇ ಮೈಮೇಲೆ ಕೆತ್ತಿಸಿಕೊಂಡ ವಸ್ತುವಿನ ಮುಂದೆ ಕಣ್ಣು ಮುಚ್ಚುವುದೇಕೆ? ಇದು ಲೋಹದ ಮೇಲಿನ ಶಾಸನ. ಓದುವ ಕ್ರಮವೂ ಅದೇ.

ಉತ್ಸಾಹಿಗಳ ಮುಖ್ಯ ಆಧಾರ ಕಹಳೆ ಬಂಡೆಯ ಹೆಸರು. ಸಂಜೆ ಹೊತ್ತು ಬಂಡೆಯ ಮೇಲಿನ ಕಾವಲುಗಾರ ಊದಿ ಊರನ್ನು ಎಚ್ಚರಿಸುತ್ತಿದ್ದನೆಂಬುದು ಪ್ರತೀತಿ. ಇರಲಿ, ಪ್ರತೀತಿಗೂ ಬೆಲೆಯಿದೆ. ಆದರೆ ಜನರ ಬಾಯಲ್ಲಿರುವ ಹೆಸರು ‘ಬ್ಯೂಗಲ್ ರಾಕ್’; ಬ್ಯೂಗಲ್ ಇಂಗ್ಲಿಷ್ ಮಾತು, ಇಂಗ್ಲಿಷರ ಪಾಳೆಯದ ವಾದ್ಯ. ಹೆಸರು ಯಾವ ಕಾಲದ ಪದರಿನದು ಎಂಬುದೇ ಅಲ್ಲಿ ಮೊದಲ ಪ್ರಶ್ನೆಯಾಗಬೇಕಿತ್ತು. ಸ್ಥಳನಾಮದ ವಿದ್ಯಾರ್ಥಿಗಂತೂ ಅದೇ ಇಡೀ ಪ್ರಶ್ನೆ. ಅಲ್ಲದೆ ಕಹಳೆ ಸೀಟಿಯಲ್ಲ. ಕನ್ನಡದಲ್ಲಿ ತುಟಿ ಬೆರಳುಗಳಿಂದ ಹೊಮ್ಮುವುದು ಸಿಳ್ಳೆ. ಮಕ್ಕಳ ಜಾತ್ರೆಯ ಆಟಿಕೆ ಪೀಪಿ. ಲೋಹದ ಈ ಉಪಕರಣ ಸೀಟಿ, ಹಿಂದುಸ್ತಾನಿಯಿಂದ ಬಂದ ಮಾತು. ಕಾವಲಿನವನ, ಪೊಲೀಸನ ಈ ಉಪಕರಣಕ್ಕೆ ನಾವು ಹೊರಗಿನ ಪದವನ್ನೇ ಕರೆತಂದದ್ದು ಆಕಸ್ಮಿಕವಲ್ಲ. ನಮ್ಮ ಶಾಸನಗಳಲ್ಲಿ ಅಧಿಕಾರಕ್ಕೊಂದು ಸದ್ದಿತ್ತು: ಮಹಾಮಂಡಲೇಶ್ವರರ ಬಿರುದುಗಳಲ್ಲಿ ಬರುವ ‘ಪಂಚಮಹಾಶಬ್ದ’. ಒಂದು ಎಣಿಕೆಯಂತೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಅವುಗಳ ಸದ್ದು ದೊರೆಯ ಇರವನ್ನು ಸಾರುವ ಸದ್ದು. ಸೀಟಿಯದು ಸಂಬಳದ ಸಿಬ್ಬಂದಿಯ ಸದ್ದು: ಪೇದೆ, ರೈಲಿನ ಗಾರ್ಡು, ಡ್ರಿಲ್ ಮೇಷ್ಟ್ರು. ಒಂದನ್ನು ಇನ್ನೊಂದರ ಪೂರ್ವಜನೆಂದರೆ ಎರಡೂ ಕಾಲಗಳಿಗೆ ಅನ್ಯಾಯ.

ಇಷ್ಟು ಹೇಳಿದ ಮೇಲೆ ಕೆಂಪೇಗೌಡರ ಚೀಟಿ ಹೋಯಿತು. ಮರುದಿನವೇ ಇನ್ನೊಂದು ಬಂತು: ‘ಬ್ರಿಟಿಷ್ ಪೊಲೀಸರ ಸೀಟಿ, 1942ರ ಚಳವಳಿಯ ಕಾಲದ್ದು.’ ಮೊದಲ ಸುಳ್ಳಿಗಿಂತ ಎರಡನೆಯದು ಅಪಾಯಕಾರಿ, ಏಕೆಂದರೆ ಅದು ಸಾಧ್ಯವಿರುವ ಮಾತಿನಂತೆ ಕೇಳುತ್ತದೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿತು. ಬ್ರಿಟಿಷರ ನೇರ ಆಡಳಿತದಲ್ಲಿ ಉಳಿದದ್ದು ದಂಡು ಪ್ರದೇಶ, ಅದೂ 1947ರವರೆಗೆ. ಪೇಟೆ, ಬಸವನಗುಡಿ, ಅದರಾಚೆಯ ಈ ಗುಡ್ಡದ ಸೀಮೆ ಮಹಾರಾಜರ ಸರ್ಕಾರಕ್ಕೆ ಸೇರಿದ್ದವು. ಇಲ್ಲಿ ಗಸ್ತು ತಿರುಗಿದವನು ಮೈಸೂರಿನ ಪೊಲೀಸ್. ಅವನ ಕೊರಳಲ್ಲೂ ಬರ್ಮಿಂಗ್‌ಹ್ಯಾಮಿನ ಸೀಟಿ ಇದ್ದಿರಬಹುದು. ಆದರೆ ತಯಾರಾದ ಊರಿನಿಂದ ಬಳಸಿದವನ ಧಣಿಯನ್ನು ಊಹಿಸುವುದು ತರ್ಕವಲ್ಲ. 1891ರಲ್ಲಿ ಯಶವಂತಪುರದ ಬಳಿ ರೈಲುಕೆಲಸದ ಅಗೆತದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಆಗಸ್ಟಸ್, ಟೈಬೀರಿಯಸ್‌ರ ಮುದ್ರೆಯವು. ಟೈಬೀರಿಯಸ್ ಯಶವಂತಪುರದಲ್ಲಿ ಇಳಿದಿದ್ದನೆಂದು ಯಾರೂ ಬರೆಯಲಿಲ್ಲ. ವ್ಯಾಪಾರದ ದಾರಿಗಳ ಬಗ್ಗೆ ಬರೆದರು.

ಹಾಗೆ ಬರೆಯಲು ಸಾಧ್ಯವಾದದ್ದು, ಆ ನಾಣ್ಯಗಳು ಒಟ್ಟಾಗಿ, ಎಲ್ಲಿ ಹೇಗೆ ಸಿಕ್ಕವೆಂಬ ವರದಿಯೊಡನೆ ಕೈಸೇರಿದ್ದರಿಂದ. ನಮ್ಮ ಸೀಟಿಯ ಕಥೆ ಬೇರೆ. ಹಳೆಯ ಮನೆಯೊಂದನ್ನು ಕೆಡವಿ ಪಾಯ ತೋಡುತ್ತಿದ್ದಾಗ, ಆನ್‌ಲೈನಿನಲ್ಲಿ ತರಿಸಿದ ಮೆಟಲ್ ಡಿಟೆಕ್ಟರ್ ಹಿಡಿದ ಎದುರುಮನೆಯ ಹುಡುಗ ರಾತ್ರಿ ಒಬ್ಬನೇ ಇಳಿದು ಹೆಕ್ಕಿ ತಂದದ್ದು. ಯಂತ್ರ ಕೂಗಿದ ಕಡೆ ಸಲಿಕೆ ಹಾಕಿದ, ಅಷ್ಟೆ. ಎಷ್ಟು ಆಳ? ‘ಮೊಣಕಾಲುದ್ದ ಇರಬಹುದು ಸಾರ್.’ ಮಣ್ಣು ಯಾವ ಬಣ್ಣದ್ದು? ಜೊತೆಗೆ ಹೆಂಚು, ಮಡಕೆಚೂರು ಏನಾದರೂ? ನೋಡಿಲ್ಲ. ಅದು ಆ ನೆಲದ್ದೇ ಮಣ್ಣೋ, ಐವತ್ತು ವರ್ಷದ ಹಿಂದೆ ತಗ್ಗು ತುಂಬಲು ಎಲ್ಲಿಂದಲೋ ಲಾರಿಯಲ್ಲಿ ತಂದು ಸುರಿದ ಮಣ್ಣೋ? ಈ ಭಾಗದ ಎಷ್ಟೋ ನಿವೇಶನಗಳು ಹಾಗೆ ತುಂಬಿದವೇ. ಹಾಗಿದ್ದರೆ ‘ಹನುಮಂತನಗರದಲ್ಲಿ ದೊರೆತದ್ದು’ ಎಂಬ ಮಾತಿಗೂ ಬೆಲೆಯಿಲ್ಲ. ಯಂತ್ರ ಲೋಹವನ್ನು ಮಾತ್ರ ಕಾಣುತ್ತದೆ. ಲೋಹಕ್ಕೆ ಅರ್ಥ ಕೊಡುವ ಮಣ್ಣು ಅದಕ್ಕೆ ಅಡ್ಡಿ.

ಇಂಗ್ಲೆಂಡಿನಲ್ಲಿ ಇದೊಂದು ಹವ್ಯಾಸ, ನಮ್ಮಲ್ಲೇಕೆ ಆಕ್ಷೇಪವೆಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಅಲ್ಲಿ 1996ರ ನಿಧಿ ಕಾಯ್ದೆಯಿದೆ; 1997ರಿಂದ ಸಾರ್ವಜನಿಕರಿಗೆ ಸಿಕ್ಕ ಬಿಡಿವಸ್ತುಗಳನ್ನು ಸ್ಥಳ ಸಹಿತ ದಾಖಲಿಸುವ ಯೋಜನೆಯಿದೆ; ಬಂದ ಗುಂಡಿಯನ್ನೂ ಬಕ್ಕಲನ್ನೂ ಕುಳಿತು ಗುರುತಿಸಿಕೊಡುವ ಅಧಿಕಾರಿಗಳಿದ್ದಾರೆ. ನಮ್ಮಲ್ಲಿ 1878ರ ಕಾಯ್ದೆ ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗೆ ಮಿಕ್ಕ ಬೆಲೆಯದಾದರೆ ಕಲೆಕ್ಟರಿಗೆ ತಿಳಿಸಬೇಕೆಂದಿತು; ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದೆ; 1972ರ ಕೇಂದ್ರದ ಕಾಯ್ದೆ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಪುರಾವಸ್ತುವೆನ್ನುತ್ತದೆ. ಕಾಯ್ದೆಗಳಿವೆ, ಕೇಳಿಸಿಕೊಳ್ಳುವ ಕಿವಿಯಿಲ್ಲ. ಆ ಜಾಗವನ್ನು ತುಂಬಿದವರು ನಿಧಿಕಳ್ಳರು. ಹೊಲದ ನಡುವೆ ಒಂಟಿಯಾಗಿ ನಿಂತ ಕೆತ್ತನೆಯ ಕಲ್ಲೆಂದರೆ ಅದರ ಬುಡದಲ್ಲಿ ಹಣವಿದೆ ಎಂಬುದು ಅವರ ಶಾಸ್ತ್ರ. ಸಲ್ಲೇಖನದಿಂದ ದೇಹ ತ್ಯಜಿಸಿದವರ ನೆನಪಿಗೆ ನಿಲ್ಲಿಸಿದ ನಿಷಿಧಿಗಲ್ಲನ್ನು ನಿಧಿಗಲ್ಲೆಂದು ಬಗೆದು ಉರುಳಿಸುತ್ತಾರೆ. ಎಲ್ಲವನ್ನೂ ಬಿಟ್ಟವನ ಕಲ್ಲಿನ ಕೆಳಗೆ ಹೊನ್ನು ಹುಡುಕುವವರಿಗೆ ಒಂದು ಅಕ್ಷರದ ವ್ಯತ್ಯಾಸವನ್ನು ಯಾರು ಓದಿಸಬೇಕಿತ್ತು? ನಾವು. ವೀರಗಲ್ಲು, ಬಸದಿಯ ಅಂಗಳ, ನಂದಿಯ ಪೀಠ, ಯಾವುದನ್ನೂ ಅವರು ಬಿಟ್ಟಿಲ್ಲ, ಮತ್ತು ಇಂದು ಅವರ ಕೈಯಲ್ಲೂ ಇರುವುದು ಇದೇ ಯಂತ್ರ.

ಹುಡುಗ ಕಳ್ಳನಲ್ಲ. ಸಿಕ್ಕದ್ದನ್ನು ಗುಜರಿಗೆ ಹಾಕದೆ, ಮಾರದೆ, ‘ಇದೇನು?’ ಎಂದು ಕೇಳಿಕೊಂಡು ನಾಲ್ಕು ಬಾಗಿಲು ತಟ್ಟಿದ. ನನ್ನಂಥ ಪದವೀಧರರು ಇರುವ ಬಾಗಿಲುಗಳೇ ಅವು. ‘ಇದು ಶಾಸನವಲ್ಲಪ್ಪ, ಶಿಲ್ಪವಲ್ಲ, ನಮಗೆ ಬರುವುದಿಲ್ಲ’ ಎಂದು ಎಲ್ಲರೂ ಕಳಿಸಿದ ಮೇಲೆಯೇ ಅವನು ಚೀಟಿ ಬರೆಯುವವರ ಕೈಗೆ ಬಿದ್ದದ್ದು. ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳ ದಿನಬಳಕೆಯ ವಸ್ತುಗಳನ್ನು ಓದುವ ವಿದ್ಯೆ ನಮ್ಮ ಯಾವ ಪಠ್ಯಕ್ರಮದಲ್ಲಿದೆ? ಕುಮಾರವ್ಯಾಸನ ಆಯುಧಗಳ ಪಟ್ಟಿ ಮಾಡಿಸುತ್ತೇವೆ. ಅಜ್ಜನ ಪೆಟ್ಟಿಗೆಯ ಬೀಗದ ಮೇಲಿನ ಮುದ್ರೆಯನ್ನು ಓದಲು ಕಲಿಸುವುದಿಲ್ಲ.

ಬಡಾವಣೆಗೆ ಇತಿಹಾಸ ಬೇಡವೇ ಎಂದು ಕೇಳಿದ ಹಿರಿಯರಿಗೆ: ಬೇಕು, ಮತ್ತು ಇದೆ. ಕೆಂಪಾಂಬುಧಿ ಕೆರೆಯ ಬಳಿ ಕೆಂಪೇಗೌಡರ ಹೆಸರಿನ ಗಡಿಗೋಪುರ ನಿಂತಿದೆ, ಗವಿಪುರದ ಗುಹಾಲಯ ನಡೆದು ಹೋಗುವಷ್ಟು ಹತ್ತಿರವಿದೆ, 1898ರ ಪ್ಲೇಗಿನಿಂದ ಪೇಟೆ ಬಿಟ್ಟವರಿಗಾಗಿ ಎದ್ದ ಬಸವನಗುಡಿ ಪಕ್ಕದಲ್ಲಿದೆ. ಇವಕ್ಕೆ ಸುಳ್ಳು ಸೀಟಿಯ ಸಹಾಯ ಬೇಕಿಲ್ಲ.

ವಿದ್ಯಾರ್ಥಿ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದಾನೆ. ಡಬ್ಬಿಗೆ ಹೊಸ ಚೀಟಿಯನ್ನು ಅವನೇ ಬರೆದ: ‘ಕೊಳವೆಯಾಕಾರದ ಸೀಟಿ. ಹಿತ್ತಾಳೆ, ನಿಕ್ಕಲ್ ಲೇಪ. ಹಡ್ಸನ್, ಬರ್ಮಿಂಗ್‌ಹ್ಯಾಮ್. 1883ರ ಈಚಿನದು. ಉಜ್ಜಿ ತೊಳೆಯಲಾಗಿದೆ.’ ದೊರೆತ ಸ್ಥಳವೆಂಬ ಸಾಲನ್ನು ಅಳೆದು ತುಂಬೋಣವೆಂದು ಕಳೆದ ಭಾನುವಾರ ಟೇಪು ಹಿಡಿದು ಮೂವರೂ ಹೋದೆವು. ಪಾಯ ಮುಚ್ಚಿ ತಿಂಗಳಾಗಿದೆ. ಹುಡುಗ ತೋರಿಸಿದ ಜಾಗದಲ್ಲಿ ಈಗ ಲಿಫ್ಟಿನ ಗುಂಡಿಗೆ ಕಾಂಕ್ರೀಟು ಹಾಕಿದ್ದಾರೆ.