ಮತ ಕೊಡದಿರುವುದರ ಹೊಣೆ

‘ಯಾರ ಮೇಲೂ ನಂಬಿಕೆ ಉಳಿದಿಲ್ಲ, ಈ ಸಲ ನೋಟಾನೇ’ ಎನ್ನುವವರು ಪ್ರತಿ ಚುನಾವಣೆಯಲ್ಲೂ ಸಿಗುತ್ತಾರೆ. ನೋಟಾಕ್ಕೇ, ಅಂದರೆ ಮತಯಂತ್ರದ ‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿಗೇ, ಹೆಚ್ಚು ಮತ ಬಿದ್ದರೆ ಚುನಾವಣೆ ರದ್ದಾಗುತ್ತದೆ ಎಂದು ಅವರಲ್ಲಿ ಹಲವರು ತಿಳಿದಿದ್ದಾರೆ. ಲೋಕಸಭೆ, ವಿಧಾನಸಭೆಗಳ ಮಟ್ಟಿಗೆ ಅದು ನಿಜವಲ್ಲ. ಕಣದಲ್ಲಿರುವವರ ಪೈಕಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಠೇವಣಿ ಉಳಿಯಲು ಬೇಕಾದ ಆರನೇ ಒಂದು ಭಾಗವನ್ನು ಲೆಕ್ಕ ಹಾಕುವಾಗಲೂ ನೋಟಾ ಮತಗಳನ್ನು ಸೇರಿಸುವುದಿಲ್ಲ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂದಕ್ಕೆ ಪಡೆದಾಗ ಆ ಪಕ್ಷ ನೋಟಾ ಒತ್ತುವಂತೆ ಕರೆ ಕೊಟ್ಟಿತು. 2,18,674 ಮತ ನೋಟಾಕ್ಕೆ ಬಿತ್ತು. ಬಿಜೆಪಿ ಅಭ್ಯರ್ಥಿ 12 ಲಕ್ಷಕ್ಕೂ ಹೆಚ್ಚು ಮತ ಪಡೆದು ಗೆದ್ದರು. ನೋಟಾ ಅದನ್ನೂ ಮೀರಿಸಿದ್ದರೂ ಗೆಲುವು ಅವರದೇ ಆಗುತ್ತಿತ್ತು.

ಹಾಗಾದರೆ ಈ ಗುಂಡಿ ಯಾಕಿದೆ? 2013ಕ್ಕೆ ಮೊದಲು ಯಾರಿಗೂ ಮತ ಹಾಕಲು ಇಷ್ಟವಿಲ್ಲದವರು ಚುನಾವಣಾ ನಿಯಮ 49-ಓ ಪ್ರಕಾರ ಮತಗಟ್ಟೆ ಅಧಿಕಾರಿಗೆ ಹಾಗೆಂದು ಹೇಳಬೇಕಿತ್ತು. ಅಧಿಕಾರಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಿದ್ದರು. ಅಲ್ಲೇ ಅಭ್ಯರ್ಥಿಗಳ ಏಜೆಂಟರೂ ಕೂತಿರುತ್ತಾರೆ. ಊರಿನ ಗೌಡರ ತೋಟದಲ್ಲಿ ಕೂಲಿ ಮಾಡುವ ಹೆಂಗಸು ಅವರೆದುರಿಗೆ ‘ನನಗೆ ಇವರ್ಯಾರೂ ಬೇಡ’ ಅನ್ನಲು ಎಷ್ಟು ಧೈರ್ಯ ಬೇಕು! ಮತ ಹಾಕುವವರಿಗಿದ್ದ ಗುಟ್ಟಿನ ರಕ್ಷಣೆ ನಿರಾಕರಿಸುವವರಿಗೆ ಇರಲಿಲ್ಲ. ಇದನ್ನು ಪ್ರಶ್ನಿಸಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ 2004ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2013ರ ಸೆಪ್ಟೆಂಬರ್ 27ರಂದು ನ್ಯಾಯಾಲಯ ಮತಯಂತ್ರದಲ್ಲೇ ಅದಕ್ಕೊಂದು ಗುಂಡಿ ಇರಲಿ ಎಂದಿತು. ಗುಟ್ಟಾಗಿ, ಅಂಜಿಕೆಯಿಲ್ಲದೆ ‘ಬೇಡ’ ಎನ್ನುವ ಹಕ್ಕು ಹೀಗೆ ಬಂತು. ನನ್ನ ಮಟ್ಟಿಗೆ ಇದು ದೊಡ್ಡ ಗಳಿಕೆ. ಅದಕ್ಕೇ ನೋಟಾವನ್ನು ದಂಡ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಆದರೆ ಹಕ್ಕಿದೆ ಅಂದಮಾತ್ರಕ್ಕೆ ಎಲ್ಲ ಸಂದರ್ಭದಲ್ಲೂ ಅದನ್ನು ಬಳಸುವುದು ಸರಿಯೆ?

ಮತ ಕೊಟ್ಟರೆ ಆ ವ್ಯಕ್ತಿ ಮುಂದೆ ಮಾಡುವ ಎಲ್ಲ ತಪ್ಪಿಗೂ ನಾವು ಪಾಲುದಾರರು, ಕೊಡದಿದ್ದರೆ ನಮ್ಮ ಕೈ ಶುದ್ಧ ಎಂಬ ಭಾವನೆ ಅನೇಕ ಸಜ್ಜನರಲ್ಲಿದೆ. ನಾನು ಹಾಗೆ ತಿಳಿಯುವುದಿಲ್ಲ. ಮತವೆಂದರೆ ಅಭ್ಯರ್ಥಿಯ ಗುಣಕ್ಕೆ ನಾವು ಬರೆದುಕೊಡುವ ಪ್ರಮಾಣಪತ್ರವಲ್ಲ. ಐದು ವರ್ಷ ಆ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬ ತೀರ್ಮಾನ ಅದು. ಕುರ್ಚಿ ಖಾಲಿಯಂತೂ ಉಳಿಯುವುದಿಲ್ಲ. ನಾವು ಹಿಂದೆ ಸರಿದರೆ ತೀರ್ಮಾನ ಉಳಿದವರ ಕೈಗೆ ಹೋಗುತ್ತದೆ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಅಂತರದಲ್ಲಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಬ್ಬರಿಗೆ 40,752, ಇನ್ನೊಬ್ಬರಿಗೆ 40,751. ಇಂಥ ಪೈಪೋಟಿ ಅಪರೂಪ, ನಿಜ. ಆದರೆ ಎಲ್ಲಿ ಹೀಗಾಗುತ್ತದೆಂದು ಮತ ಹಾಕುವ ದಿನ ಯಾರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ನಾವು ಕೇಳಿಕೊಳ್ಳಬೇಕಾದದ್ದು ಅಭ್ಯರ್ಥಿಗಳು ಒಳ್ಳೆಯವರೇ ಎಂದಷ್ಟೇ ಅಲ್ಲ, ಅವರ ನಡುವೆ ವ್ಯತ್ಯಾಸ ಇದೆಯೇ, ಆ ವ್ಯತ್ಯಾಸದ ಬಿಸಿ ಯಾರಿಗೆ ತಟ್ಟುತ್ತದೆ ಎಂದು. ಪಡಿತರ ಅಂಗಡಿ, ಸರ್ಕಾರಿ ಆಸ್ಪತ್ರೆಗಳನ್ನು ನಂಬಿದವರಿಗೆ, ದ್ವೇಷದ ಭಾಷಣ ಕೇಳಿ ಮನೆಯಲ್ಲಿ ಹೆದರಿ ಕೂರುವವರಿಗೆ ಸಣ್ಣ ವ್ಯತ್ಯಾಸವೂ ಬದುಕಿನ ಪ್ರಶ್ನೆ. ಅನುಕೂಲಸ್ಥರಿಗೆ ‘ಯಾರು ಬಂದರೂ ಅಷ್ಟೇ’ ಅನ್ನುವುದು ಸುಲಭ. ಒಬ್ಬ ಅಪಾಯಕಾರಿ, ಇನ್ನೊಬ್ಬ ಬರೀ ನಿಷ್ಪ್ರಯೋಜಕ ಎಂದು ಗೊತ್ತಿದ್ದೂ ಕೈಕಟ್ಟಿ ನಿಂತರೆ ನೋವು ಬೇರೆಯವರ ಪಾಲಿಗೆ.

ಇಬ್ಬರೂ ಹಣ ಹಂಚುವವರೇ, ಇಬ್ಬರ ಮೇಲೂ ಗಂಭೀರ ಪ್ರಕರಣಗಳಿವೆ, ಪಟ್ಟಿಯ ಕೆಳಗಿನ ಹೆಸರುಗಳನ್ನು ವಿಚಾರಿಸಿದರೂ ಮನಸ್ಸು ಒಪ್ಪುತ್ತಿಲ್ಲ ಅಂದರೆ ನಿರಾಕರಣೆ ಪೂರ್ತಿ ನ್ಯಾಯವಾದದ್ದು. ಆದರೆ ವಿಚಾರಿಸಿದ ಮೇಲೆ ಮಾತ್ರ. ಅಭ್ಯರ್ಥಿ ಸಲ್ಲಿಸುವ ಪ್ರಮಾಣಪತ್ರದಲ್ಲಿ ಪ್ರಕರಣ, ಆಸ್ತಿ, ಸಾಲ ಎಲ್ಲ ಇರುತ್ತದೆ, ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಯಾಕೆ ಕೊಟ್ಟಿರಿ ಎಂಬುದಕ್ಕೆ ಪಕ್ಷಗಳು ಕಾರಣ ಪ್ರಕಟಿಸಬೇಕು, ಗೆಲ್ಲುತ್ತಾರೆ ಎಂಬುದು ಸಾಲದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಅಪನಂಬಿಕೆ ಪಕ್ಷದ ಕಚೇರಿಗೆ ಮುಟ್ಟಬೇಕಾದದ್ದು ಟಿಕೆಟ್ ಹಂಚುವ ಆ ದಿನಗಳಲ್ಲೇ. ಇನ್ನು, ನಿರಾಕರಿಸುವವರು ಮನೆಯಲ್ಲಿ ಉಳಿಯದೆ ಮತಗಟ್ಟೆಗೇ ಹೋಗಲಿ. ಬಾರದವರನ್ನು ಸೋಮಾರಿ ಎಂದು ಬರೆದು ಮರೆಯುತ್ತಾರೆ. ನೋಟಾ ಕ್ಷೇತ್ರವಾರು ಅಂಕಿಯಾಗಿ ದಾಖಲಾಗುತ್ತದೆ.

ಆ ಅಂಕಿಗೆ ಹಲ್ಲು ಕೊಡುವ ಕೆಲಸ ಕಾನೂನಿನದು. ಮಹಾರಾಷ್ಟ್ರ, ಹರಿಯಾಣಗಳ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲೇ ಸ್ಥಳೀಯ ಸಂಸ್ಥೆಗಳಲ್ಲಿ ನೋಟಾ ಮೊದಲು ಬಂದರೆ ಮರುಚುನಾವಣೆ ಎಂದವು. ವಿಧಾನಸಭೆ, ಲೋಕಸಭೆಗೂ ಅದು ಬರಬೇಕು. 2024ರಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆ ಸರಿದು, ಬಿಜೆಪಿ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದರು. ಅಲ್ಲಿನ ಮತದಾರರಿಗೆ ‘ಬೇಡ’ ಎನ್ನುವ ಗುಂಡಿಯೂ ಸಿಗಲಿಲ್ಲ. ಒಬ್ಬರೇ ಕಣದಲ್ಲಿದ್ದಾಗಲೂ ಅವರ ಹೆಸರು ಮತ್ತು ನೋಟಾ ಎರಡನ್ನೂ ಜನರ ಮುಂದಿಡುವಂತೆ ಕಾನೂನು ಬದಲಾಗಬೇಕು.