ತಕ್ಕಡಿಗಾಗಿ ಬಾಯಾರುವ ಮಕ್ಕಳು

ಕಂಬಂ ಕಣಿವೆಯ ಹನುಮಂತನಪಟ್ಟಿಗೆ ಕಳೆದ ಬೇಸಗೆ ರಜೆಯಲ್ಲಿ ಹೋಗಿದ್ದೆವು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬದುಕುವ ಕುಟುಂಬಗಳು ಆ ಸೀಮೆಯಲ್ಲಿ ತಲೆಮಾರುಗಳಿಂದ ಇವೆ. ಅಂತಹ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದಾಗ, ಸುಡುವ ಮಧ್ಯಾಹ್ನದಲ್ಲಿ ಹದಿನೈದರ ಹುಡುಗನೊಬ್ಬ ಎರಡು ಅಂಗಿಗಳ ಮೇಲೆ ಕಂಬಳಿ ಹೊದ್ದು ಓಡಿ ಬಂದ. ಅಜ್ಜಿ ಮಜ್ಜಿಗೆಯ ಚೊಂಬು ಹಿಡಿದು ನಿಂತರೆ ಮುಟ್ಟಲೊಲ್ಲ. ಮರುದಿನ ತೂಕದ ಮಿತಿಯುಳ್ಳ ಕಬಡ್ಡಿ ಪಂದ್ಯ. ಮಿತಿಗಿಂತ ಎರಡು ಕಿಲೋ ಹೆಚ್ಚಿದ್ದಾನಂತೆ. ತಕ್ಕಡಿಯನ್ನೇನೋ ಗೆದ್ದ. ಆದರೆ ಆಟದ ಎರಡನೆಯ ಅರ್ಧದಲ್ಲಿ ಕಾಲಿನ ಮೀನಖಂಡ ಸೆಳೆದು, ಅಂಗಣದ ಅಂಚಿನಲ್ಲಿ ಮಲಗಿದ. ಮುಲ್ಲಪೆರಿಯಾರಿನ ನೀರುಂಡು ಹಸುರಾದ ಆ ಕಣಿವೆಯಲ್ಲಿ ಒಂದು ಮಗು ನೀರಿಲ್ಲದೆ ಬಿದ್ದದ್ದನ್ನು ಮರೆಯಲಾಗುತ್ತಿಲ್ಲ.

ಇದು ದೂರದೂರಿನ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಜಿಲ್ಲೆಯಲ್ಲೂ ಕಬಡ್ಡಿಗೆ ತೂಕವಿದೆ, ಕುಸ್ತಿಗೆ ತೂಕವಿದೆ. ಹಗ್ಗಜಗ್ಗಾಟದಲ್ಲಂತೂ ತಂಡದ ಒಟ್ಟು ತೂಕವನ್ನೇ ಲೆಕ್ಕ ಹಾಕುತ್ತಾರೆ. ಒಬ್ಬನ ಒಂದು ಕಿಲೋ ಇಡೀ ತಂಡಕ್ಕೆ ಭಾರವಾದಾಗ ಆ ಹುಡುಗನ ಮೇಲೆ ಬೀಳುವ ಒತ್ತಡ ಎಷ್ಟೆಂಬುದು ಅಧ್ಯಾಪಕರಾದ ನಮಗೆ ಗೊತ್ತು. ಹಿಂದಿನ ರಾತ್ರಿಯ ಊಟ ಬಿಡುವುದು, ಬಾಯಲ್ಲಿ ನೀರು ಹಾಕಿ ಉಗುಳುವುದು, ಇವೆಲ್ಲ ಮಕ್ಕಳ ನಡುವೆ ಗುಟ್ಟಾಗಿ ಹಬ್ಬುವ ವಿದ್ಯೆಗಳು.

ದೊಡ್ಡವರಿಂದಲೇ ಅವರು ಕಲಿತದ್ದು. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲಿನ ದಿನ ಬೆಳಿಗ್ಗೆ ಕೇವಲ 100 ಗ್ರಾಂ ಹೆಚ್ಚಿದ್ದುದಕ್ಕೆ ಅನರ್ಹರಾದರು. ರಾತ್ರಿಯಿಡೀ ಬೆವರಿಳಿಸಿದರು, ಕೂದಲನ್ನೂ ಕತ್ತರಿಸಿದರು. ದೇಶವೇ ಮರುಗಿತು. ಅದೇ ಕೂಟದಲ್ಲಿ ಅಮನ್ ಸೆಹ್ರಾವತ್ ಸುಮಾರು ಹತ್ತು ಗಂಟೆಗಳಲ್ಲಿ 4.6 ಕಿಲೋ ಇಳಿಸಿ ಕಂಚು ಗೆದ್ದಾಗ ಪತ್ರಿಕೆಗಳು ಅದನ್ನು ಸಾಹಸವೆಂದು ಹೊಗಳಿದವು. ನಮಗೆ ಆ ಹೊಗಳಿಕೆಯೇ ಹೆಚ್ಚು ಭಯ ಹುಟ್ಟಿಸಿತು. ವೈದ್ಯರು, ಆಹಾರತಜ್ಞರು ಪಕ್ಕದಲ್ಲಿದ್ದು ನಡೆದ ಕೆಲಸವದು. ನಮ್ಮ ಎಂಟನೆಯ ತರಗತಿಯ ಹುಡುಗನ ಪಕ್ಕದಲ್ಲಿ ಯಾರಿರುತ್ತಾರೆ?

ಹೀಗೆ ಇಳಿಯುವುದು ಕೊಬ್ಬಲ್ಲ, ನೀರು. ದೇಹದ ತೂಕದ ನೂರಕ್ಕೆ ಎರಡು ಪಾಲು ನೀರು ಹೋದರೆ, ಅಂದರೆ 50 ಕಿಲೋದ ಮಗುವಿನಲ್ಲಿ ಒಂದು ಲೀಟರ್, ಕಸುವು ಕುಗ್ಗತೊಡಗುತ್ತದೆ. ರಕ್ತದ ಪ್ರಮಾಣ ಇಳಿದು ಹೃದಯಕ್ಕೆ ದುಡಿಮೆ ಹೆಚ್ಚುತ್ತದೆ, ಬೆವರು ಕಡಿಮೆಯಾಗಿ ಮೈಯ ಕಾವು ಏರುತ್ತದೆ, ಮೂತ್ರಪಿಂಡಗಳು ಬಳಲುತ್ತವೆ. ಅಮೇರಿಕದಲ್ಲಿ 1997ರ ಕೊನೆಯಲ್ಲಿ, ಸುಮಾರು ಒಂದು ತಿಂಗಳ ಅಂತರದಲ್ಲಿ, ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡರು. ಬೆವರಿಳಿಸುವ ರಬ್ಬರ್ ಉಡುಪನ್ನೂ ಬಿಸಿ ಕೋಣೆಗಳನ್ನೂ ನಿಷೇಧಿಸಿದ್ದು ಆಮೇಲೆ. ಹೈಸ್ಕೂಲು ಮಕ್ಕಳಿಗೆ 2006ರಿಂದ ಅಲ್ಲಿ ಕಟ್ಟುನಿಟ್ಟಾದ ನಿಯಮವಿದೆ. ಋತುವಿನ ಆರಂಭದಲ್ಲಿ ತೂಕ ನಿಗದಿ ಮಾಡುವ ಮೊದಲು ಮೂತ್ರ ಪರೀಕ್ಷೆ. ಅದರ ಸಾಂದ್ರತೆ 1.025 ಮೀರಿದರೆ ಮೈಯಲ್ಲಿ ನೀರು ಸಾಲದು ಎಂದರ್ಥ, ಆ ದಿನ ತಕ್ಕಡಿಯೇ ಇಲ್ಲ. ದೇಹದ ಕೊಬ್ಬು ಹುಡುಗರಲ್ಲಿ ಶೇಕಡಾ 7ಕ್ಕಿಂತ, ಹುಡುಗಿಯರಲ್ಲಿ ಶೇಕಡಾ 12ಕ್ಕಿಂತ ಕೆಳಗಿಳಿಯುವಂತಹ ವಿಭಾಗವನ್ನು ಆರಿಸುವಂತಿಲ್ಲ. ವಾರಕ್ಕೆ ಇಳಿಸಬಹುದಾದದ್ದು ತೂಕದ ಶೇಕಡಾ 1.5 ಮಾತ್ರ. ಹನುಮಂತನಪಟ್ಟಿಯ ಹುಡುಗ ಒಂದೇ ದಿನದಲ್ಲಿ ಇಳಿಸಹೊರಟದ್ದನ್ನು ಆ ಲೆಕ್ಕದಲ್ಲಿ ಎರಡು ವಾರಕ್ಕಿಂತಲೂ ಹೆಚ್ಚು ಕಾಲದಲ್ಲಿ ಇಳಿಸಬೇಕಿತ್ತು.

ಇಷ್ಟಕ್ಕೂ ನಮ್ಮ ಹಿರಿಯರಿಗೆ ಈ ಉಪವಾಸದ ಕುಸ್ತಿ ತಿಳಿದಿರಲಿಲ್ಲ. ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಪದ್ಧತಿ ಇದೆಯಷ್ಟೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಬಲ್ಲವರು ನೋಡಿ, ಸರಿಜೋಡಿ ಎನ್ನುತ್ತಾರೆ. ಗರಡಿಮನೆಯಲ್ಲಿ ಹಾಲು, ತುಪ್ಪ, ಬಾದಾಮಿ ತಿಂದು ಮೈ ಬೆಳೆಸಿಯೇ ಮಟ್ಟಿಗೆ ಇಳಿಯುವುದು. ಎಲ್ಲವೂ ಹಳೆಯದರಂತೆಯೇ ಆಗಬೇಕೆಂದು ನಾವು ಹೇಳುವುದಿಲ್ಲ. ಸಣಕಲು ಹುಡುಗನಿಗೂ ಅವಕಾಶ ಸಿಗಲೆಂದೇ ತೂಕದ ವಿಭಾಗಗಳು ಬಂದದ್ದು, ಅವು ಬೇಕು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಅಮೇರಿಕದ ಉಪಕರಣಗಳು ಉಪಜಿಲ್ಲಾ ಕ್ರೀಡಾಕೂಟಕ್ಕೆ ಬರಲೆಂದು ಕೇಳುತ್ತಿಲ್ಲ. ಜೂನ್ ತಿಂಗಳಲ್ಲೇ ಆಟದ ಮಕ್ಕಳನ್ನು ತೂಗಿ ಪುಸ್ತಕದಲ್ಲಿ ಬರೆದಿಡಲಿ. ಪಂದ್ಯದ ಹಿಂದಿನ ವಾರ ಹಠಾತ್ತನೆ ಇಳಿದ ಹುಡುಗನನ್ನು ಕಣಕ್ಕಿಳಿಸದಿರಲಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ಮಕ್ಕಳಿಗೆ ನಾಚಿಕೆಯಿಲ್ಲದೆ ಹೇಳಿಕೊಡಲಿ. ಕೇರಳದ ಶಾಲೆಗಳಲ್ಲಿ 2024ರ ಬೇಸಗೆಯಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ ಬಂತು. ತರಗತಿಯಲ್ಲಿ ಕುಡಿ ಎಂದು ಮೈದಾನದಲ್ಲಿ ಕುಡಿಯಬೇಡ ಎನ್ನುವುದು ಯಾವ ನ್ಯಾಯ?

ಇನ್ನೊಂದು ಮಾತು. ಕ್ರೀಡಾಕೂಟದ ಸೂಚನೆಗಳು ಮನೆಗೆ ಬರುವುದು ಮಲಯಾಳದಲ್ಲಿ. ಓದಲಾಗದ ತಾಯಿ ಸಹಿ ಹಾಕಿ ಕಳುಹಿಸುತ್ತಾಳೆ, ಮಗ ಯಾಕೆ ಉಣ್ಣುತ್ತಿಲ್ಲವೆಂದು ತಿಳಿಯದೆ ಕಳವಳಪಡುತ್ತಾಳೆ. ಈ ಸೂಚನೆಗಳು ಕನ್ನಡದಲ್ಲೂ ಸಿಗಬೇಕು. ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಗೆ ಹೋಗುವ ಹೆತ್ತವರು, ತಮ್ಮ ಮಗುವಿನ ತೂಕ ಕಳೆದ ಜೂನಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಎಂದು ಕೇಳಲಿ. ಉತ್ತರ ಪುಸ್ತಕದಲ್ಲಿ ಇಲ್ಲವಾದರೆ ಅಂದಿನಿಂದಲೇ ಬರೆಯಲು ಹೇಳಲಿ.