ಡರ್ಮಟೊಮಯೋಸೈಟಿಸ್: ಚರ್ಮದ ಮೇಲೆ ಕಾಣುವ ಸ್ನಾಯುವಿನ ಕಾಯಿಲೆ

2016ರ ‘ದಂಗಲ್’ ಸಿನಿಮಾ ನೋಡಿದವರಿಗೆ ಪುಟ್ಟ ಬಬಿತಾ ಫೋಗಟ್ ನೆನಪಿರಬೇಕು. ಆ ಪಾತ್ರ ಮಾಡಿದ್ದ ಸುಹಾನಿ ಭಟ್ನಾಗರ್ 2024ರ ಫೆಬ್ರುವರಿ 16ರಂದು ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡಳು. ವಯಸ್ಸು ಬರೀ 19. ಪತ್ರಿಕೆಗಳು ಬರೆದ ಕಾಯಿಲೆಯ ಹೆಸರು ಡರ್ಮಟೊಮಯೋಸೈಟಿಸ್. ಆ ವಾರ ನಮ್ಮ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲೂ ಇದೇ ಪ್ರಶ್ನೆ: “ಇದ್ಯಾವುದಪ್ಪಾ ಹೊಸ ರೋಗ?”

ಹೊಸದೇನಲ್ಲ. ಜರ್ಮನ್ ವೈದ್ಯ ಉನ್‌ವೆರಿಕ್ಟ್ ಈ ಹೆಸರನ್ನು 1891ರಲ್ಲೇ ಬಳಸಿದ್ದರು. ‘ಡರ್ಮ’ ಅಂದರೆ ಚರ್ಮ, ‘ಮಯೋ’ ಅಂದರೆ ಸ್ನಾಯು, ‘ಐಟಿಸ್’ ಅಂದರೆ ಉರಿಯೂತ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ನಮ್ಮ ಚರ್ಮ, ಸ್ನಾಯು ಮತ್ತು ಅಲ್ಲಿನ ಸಣ್ಣ ರಕ್ತನಾಳಗಳ ಮೇಲೆ ಬೀಳುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ ಹೊಸದಾಗಿ ಒಬ್ಬರಿಗೆ ಬಂದರೆ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ. ಮಕ್ಕಳಿಗೂ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಇಷ್ಟು ಅಪರೂಪದ ಕಾಯಿಲೆಯ ಬಗ್ಗೆ ಅಂಕಣ ಯಾಕೆ ಅಂದರೆ, ನಮ್ಮ ಖರಾಡಿಯ ಸೊಸೈಟಿಯಲ್ಲೇ ಒಬ್ಬರಿಗೆ ಇದೆ. ವಿಜಯಪುರದ ಕಡೆಯವರು, ನಾವೆಲ್ಲ ಅವರನ್ನು ವೈನಿ ಅಂತಲೇ ಕರೆಯುವುದು. ಬರೆಯಿರಿ, ಹೆಸರು ಮಾತ್ರ ಬೇಡ ಎಂದಿದ್ದಾರೆ. ಅವರಿಗೆ ಇದು ಡರ್ಮಟೊಮಯೋಸೈಟಿಸ್ ಎಂದು ಗೊತ್ತಾಗಲು ಏಳು ತಿಂಗಳು ಹಿಡಿಯಿತು. ಮೊದಲು ಮುಖದ ಮೇಲೆ ಕಲೆ. ಬಿಸಿಲಿನ ಅಲರ್ಜಿ ಅಂತ ಮುಲಾಮು ಕೊಟ್ಟರು. ಆಮೇಲೆ ಸುಸ್ತು, ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂತು, ಅದಕ್ಕೆ ಮಾತ್ರೆ. ಮುಂದೆ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿದ್ದು ಕಂಡು ಲಿವರ್ ಕಡೆ ಹೊರಳಿದರು. “ಹೆಳಲ ಹಾಕ್ಕೊಳ್ಳಾಕ ಕೈ ಮ್ಯಾಲ ಎತ್ತಾಕ ಆಗವಲ್ದು” ಎಂದು ವೈನಿ ಮನೆಯಲ್ಲಿ ಹೇಳುತ್ತಲೇ ಇದ್ದರು. ಡಾಕ್ಟರ ಮುಂದೆ ಹಿಂದಿಯಲ್ಲಿ ಅದು ಬರೀ “ಕಮಜೋರಿ ಹೈ” ಆಗಿಬಿಡುತ್ತಿತ್ತು.

ಊರು ಬಿಟ್ಟು ಬಂದ ನಮಗೆಲ್ಲ ಪಾಠ ಇರುವುದು ಇಲ್ಲೇ. ಸುಸ್ತು, ನೋವು, ಶಕ್ತಿ ಇಲ್ಲದಿರುವುದು ಮೂರೂ ಬೇರೆ ಬೇರೆ. ‘ಕಮಜೋರಿ’ ಎಂದರೆ ಯಾವ ಡಾಕ್ಟರಿಗೂ ಮೊದಲು ಹೊಳೆಯುವುದು ರಕ್ತಹೀನತೆ, ನಿದ್ದೆಗೇಡು, ಆಫೀಸಿನ ಒತ್ತಡ. ಈ ಕಾಯಿಲೆಯಲ್ಲಿ ಸೊರಗುವುದು ಮುಖ್ಯವಾಗಿ ಭುಜ, ತೋಳು, ಸೊಂಟ, ತೊಡೆ, ಕುತ್ತಿಗೆಯ ಸ್ನಾಯುಗಳು. ಬೆರಳು ಲ್ಯಾಪ್‌ಟಾಪ್ ಮೇಲೆ ಎಂದಿನಂತೆ ಓಡುತ್ತಿರುತ್ತವೆ, ಆದರೆ ನೆಲದಿಂದ ಏಳಲು ಆಗುವುದಿಲ್ಲ. ಹಾಗಾಗಿ ಡಾಕ್ಟರಿಗೆ ಹೇಗನಿಸುತ್ತದೆ ಎಂದು ಹೇಳುವ ಬದಲು ಏನು ಮಾಡಲು ಆಗುತ್ತಿಲ್ಲ ಎಂದು ಹೇಳಿ. ಮರಾಠಿಯಲ್ಲಿ ಎರಡು ವಾಕ್ಯ ಸಾಕು: “ಖುರ್ಚೀವರೂನ್ ಉಠತಾ ಯೇತ್ ನಾಹೀ”, “ಹಾತ್ ವರ್ ಉಚಲತಾ ಯೇತ್ ನಾಹೀ”.

ಚರ್ಮ ಕೊಡುವ ಸುಳಿವುಗಳು ಇನ್ನೂ ಸ್ಪಷ್ಟ. ಕಣ್ಣಿನ ಮೇಲ್ರೆಪ್ಪೆಯಲ್ಲಿ ನೇರಳೆ ಛಾಯೆ, ಊತ. ಬೆರಳ ಗೆಣ್ಣುಗಳ ಮೇಲೆ ಉಬ್ಬಿದ ಕೆಂಪು ಅಥವಾ ನೇರಳೆ ಗಂಟು, ಇವಕ್ಕೆ ಗಾಟ್ರನ್ ಗಂಟು ಎನ್ನುತ್ತಾರೆ. ಕತ್ತಿನ ಕೆಳಗೆ ಎದೆಯ ಮೇಲೆ, ಶಾಲು ಹೊದ್ದ ಹಾಗೆ ಬೆನ್ನು ಭುಜಗಳ ಮೇಲೆ ಕಲೆ. ಉಗುರಿನ ಬುಡದಲ್ಲಿ ಕೆಂಪು. ಬಿಸಿಲಿಗೆ ಹೋದರೆ ಎಲ್ಲವೂ ಜಾಸ್ತಿ. ಪಾಠದ ಪುಸ್ತಕಗಳಲ್ಲಿ ಹೆಚ್ಚಾಗಿ ಇರುವುದು ಬಿಳಿ ಚರ್ಮದ ಚಿತ್ರಗಳು. ನಮ್ಮ ಗೋಧಿ, ಕಪ್ಪು ಬಣ್ಣದಲ್ಲಿ ಈ ಕೆಂಪು ಕಂದಾಗಿಯೋ ಬೂದಾಗಿಯೋ ಕಾಣುತ್ತದೆ. ‘ಟ್ಯಾನ್’, ‘ಪಿಗ್ಮೆಂಟೇಶನ್’ ಎಂದು ಸುಮ್ಮನಾಗುತ್ತೇವೆ.

ಎಸ್‌ಜಿಒಟಿ, ಎಸ್‌ಜಿಪಿಟಿ ವಿಷಯ ನನಗೂ ಹೊಸದು. ಈ ಕಿಣ್ವಗಳು ಲಿವರಿನಲ್ಲಿ ಮಾತ್ರವಲ್ಲ, ಸ್ನಾಯುಗಳಲ್ಲೂ ಇರುತ್ತವೆ. ಸ್ನಾಯು ಹಾಳಾದರೂ ರಕ್ತದಲ್ಲಿ ಅವು ಏರುತ್ತವೆ. ಅನುಮಾನ ಬಂದಾಗ ನೋಡಬೇಕಾದದ್ದು ಸಿಪಿಕೆ ಎಂಬ ಪರೀಕ್ಷೆ. ಕಂಪನಿ ಮಾಡಿಸುವ ವಾರ್ಷಿಕ ತಪಾಸಣೆಯಲ್ಲಿ ಲಿವರ್ ಪರೀಕ್ಷೆ ಸಾಮಾನ್ಯವಾಗಿ ಇರುತ್ತದೆ, ಸಿಪಿಕೆ ಇರುವುದು ಕಡಿಮೆ. ಸಿಪಿಕೆ ಸರಿಯಿದ್ದೂ ಕಾಯಿಲೆ ಇರಬಹುದು. ಆಗ ಮಯೋಸೈಟಿಸ್ ಆಂಟಿಬಾಡಿ ಪರೀಕ್ಷೆ, ಇಎಂಜಿ, ತೊಡೆಯ ಎಂಆರ್‌ಐ, ಕೆಲವೊಮ್ಮೆ ಚರ್ಮದ ಅಥವಾ ಸ್ನಾಯುವಿನ ಬಯಾಪ್ಸಿ ಬೇಕಾಗುತ್ತದೆ. ಇದಕ್ಕೆ ಸರಿಯಾದ ಡಾಕ್ಟರು ರುಮಟಾಲಜಿಸ್ಟ್.

ಸೊಲ್ಲಾಪುರ ದಾರಿಯಲ್ಲಿ ಊರಿಗೆ ಹೋಗುವವರು ಭಿಗವಣ ದಾಟಿಯೇ ಹೋಗುತ್ತೀರಿ. ಫ್ಲೆಮಿಂಗೊ ಹಕ್ಕಿಗಳ ಊರು ಅಂತ ಗೊತ್ತು. ಪುಣೆಯ ರುಮಟಾಲಜಿಸ್ಟ್ ಡಾ. ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಮನೆಮನೆಗೆ ಹೋಗಿ ಕೀಲು, ಸ್ನಾಯು ನೋವಿನ ಸಮೀಕ್ಷೆ ಶುರು ಮಾಡಿದ್ದೂ ಅಲ್ಲೇ. ಹಳ್ಳಿಯಲ್ಲೂ ಮೈಕೈ ನೋವು ಎಷ್ಟು ಸಾಮಾನ್ಯ ಎಂದು ಅದು ತೋರಿಸಿತು. ಅಷ್ಟೊಂದು ಸಾಮಾನ್ಯ ನೋವಿನ ನಡುವೆ ಲಕ್ಷಕ್ಕೊಂದು ಕಾಯಿಲೆ ಅಡಗಿಕೊಂಡರೆ ಆಶ್ಚರ್ಯವಿಲ್ಲ.

ತಡವಾದರೆ ಅಪಾಯ ಎರಡು ಕಡೆಯಿಂದ. ಒಂದು, ಶ್ವಾಸಕೋಶ ಮತ್ತು ನುಂಗುವ ಸ್ನಾಯುಗಳು. ಒಣ ಕೆಮ್ಮು, ಏದುಸಿರು, ನೀರು ಗಂಟಲಿಗೆ ಸಿಕ್ಕಿಕೊಳ್ಳುವುದು ಕಂಡರೆ ಕಾಯಬಾರದು. ಎಂಡಿಎ5 ಎಂಬ ಆಂಟಿಬಾಡಿ ಇರುವವರಲ್ಲಿ ಶ್ವಾಸಕೋಶ ಬೇಗ ಕೆಡಬಹುದು. ಎರಡು, ದೊಡ್ಡವರಲ್ಲಿ ಕೆಲವರಿಗೆ ಇದರ ಹಿಂದೆ ಕ್ಯಾನ್ಸರ್ ಇರುತ್ತದೆ. ಡಾಕ್ಟರು ಅದಕ್ಕೂ ತಪಾಸಣೆ ಬರೆದರೆ ಗಾಬರಿಯಾಗಬೇಡಿ, ತಪ್ಪಿಸಲೂಬೇಡಿ. ಮಕ್ಕಳಲ್ಲಿ ಈ ನಂಟು ಇಲ್ಲ.

ಚಿಕಿತ್ಸೆ ಸ್ಟಿರಾಯ್ಡ್‌ನಿಂದ ಶುರುವಾಗುತ್ತದೆ. ಜೊತೆಗೆ ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್, ಮೈಕೊಫಿನೊಲೇಟ್‌ನಂಥವು, ಬೇಕಾದರೆ ಇಮ್ಯುನೊಗ್ಲಾಬ್ಯುಲಿನ್. ಮನೆಯವರು ನೆನಪಿಡಬೇಕಾದ ಮಾತು ಮೂರು. ಮುಖ ಊದಿಕೊಂಡಿತು ಅಂತ ಸ್ಟಿರಾಯ್ಡ್ ತಾವಾಗಿಯೇ ನಿಲ್ಲಿಸಬಾರದು. ಈ ಕಾಯಿಲೆಗೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಈ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಸಣ್ಣ ಜ್ವರ ಬಂದರೂ ಡಾಕ್ಟರಿಗೆ ತಿಳಿಸಬೇಕು. ಇವುಗಳ ಜೊತೆ ಸನ್‌ಸ್ಕ್ರೀನ್, ತುಂಬು ತೋಳಿನ ಬಟ್ಟೆ, ಫಿಸಿಯೊಥೆರಪಿ.

ಸುಹಾನಿಯ ಸುದ್ದಿ ಓದಿ ಇದು ಮರಣಶಾಸನ ಅಂದುಕೊಂಡವರಿಗೆ ಇನ್ನೊಂದು ಹೆಸರು ಹೇಳುತ್ತೇನೆ. ಬ್ರಿಟಿಷ್ ನಟ ಲಾರೆನ್ಸ್ ಒಲಿವಿಯರ್‌ಗೆ ಇದೇ ಕಾಯಿಲೆ ಇದೆ ಎಂದು ಗೊತ್ತಾದದ್ದು 1974ರಲ್ಲಿ. 1983ರಲ್ಲಿ ಅವರು ಟಿವಿಗಾಗಿ ಕಿಂಗ್ ಲಿಯರ್ ಪಾತ್ರ ಮಾಡಿದರು, 1989ರವರೆಗೆ ಬದುಕಿದ್ದರು. ಈಗಿನ ಎಷ್ಟೋ ಔಷಧಿಗಳು ಆಗ ಇರಲೂ ಇಲ್ಲ.

ನಾನು ಡಾಕ್ಟರಲ್ಲ, ಸಾಫ್ಟ್‌ವೇರಿನವನು. ಇದನ್ನು ಓದಿ ಯಾರೂ ತಾವೇ ರೋಗ ನಿರ್ಧರಿಸಿಕೊಳ್ಳಬೇಡಿ. ಮನೆಯಲ್ಲಿ ಯಾರಾದರೂ ಕುರ್ಚಿಯ ಕೈ ಹಿಡಿಯದೆ ಏಳಲು ತಿಣುಕುತ್ತಿದ್ದರೆ, ಅವರ ಬೆರಳ ಗೆಣ್ಣು, ಕಣ್ಣಿನ ರೆಪ್ಪೆ ಒಮ್ಮೆ ಬೆಳಕಿನಲ್ಲಿ ನೋಡಿ. ಬಣ್ಣ ಬದಲಾಗಿದ್ದರೆ ಫೋಟೊ ತೆಗೆದಿಟ್ಟುಕೊಂಡು, ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.